ಮಗಳ ಶುಗರ್‌ಗೆ ಬೆಲ್ಲ ಕಾರಣವಲ್ಲ

ಸಂಪಾದಕರಿಗೆ ನಮಸ್ಕಾರ.

ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬರಲು ಬೇಕರಿ ತಿಂಡಿ, ಮೊಬೈಲ್, ಮೈಗಳ್ಳತನ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಜನರಿಗೆ ಅದು ನಿಜವೇ. ನಮ್ಮ ಮನೆಗಲ್ಲ. ನಮ್ಮ ಮಾವನವರಿಗೆ ಶುಗರ್ ಬಂದಾಗ 28, ನಮ್ಮ ಯಜಮಾನರಿಗೆ 24, ಮಗಳಿಗೆ ಬರೀ 15. ಮೂವರೂ ತೆಳ್ಳಗಿನವರು, ಜೋಳದ ರೊಟ್ಟಿ ತಿಂದು ತೊಗರಿ ಹೊಲದಲ್ಲಿ ದುಡಿದವರು. ಆದರೂ ಎಳ್ಳಮವಾಸ್ಯೆ ದಿನ ಹೊಲದಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಮಗಳು ಅರ್ಧ ಶೇಂಗಾ ಹೋಳಿಗೆ ಮುರಿದುಕೊಂಡಿದ್ದೇ ತಡ, "ಅವ್ವನೇ ಬೆಲ್ಲ ತಿನ್ನಿಸಿ ತಿನ್ನಿಸಿ ಸಕ್ರಿ ಬ್ಯಾನಿ ತಂದಿಟ್ಟಾಳ" ಅಂತ ನನಗೆ ಕೇಳಿಸುವಂತೆ ಮಾತು. ಅವಳು ಅದನ್ನು ಸುಮ್ನೆ ಬುಟ್ಟಿಗೆ ವಾಪಸ್ ಇಟ್ಟಳು.

ಮೊದಲು ತೋರಿಸಿದ ಕಡೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಆಗುವುದೇ ನಿಂತುಹೋಗುವ ಶುಗರ್, ಅಂದರು. ನಾಲ್ಕು ವರ್ಷ ಇನ್ಸುಲಿನ್ ಚುಚ್ಚಿಕೊಂಡಳು. ಆಮೇಲೆ ಇನ್ನೊಬ್ಬ ಡಾಕ್ಟರ್ ಚೀಟಿಯ ಹಿಂದೆ ನಮ್ಮ ವಂಶ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಶುಗರ್ ಇದ್ದವರದ್ದನ್ನು ಪೆನ್ನಿನಿಂದ ತುಂಬಿದರು. ಮೂರು ತಲೆಮಾರು ಸಾಲಾಗಿ ಕಪ್ಪಾಯಿತು. ಸಿ-ಪೆಪ್ಟೈಡ್ ಪರೀಕ್ಷೆ ಮಾಡಿಸಿ ಅಂದರು. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುವಾಗ ಅದರ ಜೊತೆಗೇ ಸರಿಸಮ ಸಿ-ಪೆಪ್ಟೈಡ್ ಕೂಡ ಬಿಡುತ್ತದಂತೆ. ಚುಚ್ಚುವ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ, ಹಾಗಾಗಿ ಮೈ ತಾನೇ ಎಷ್ಟು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ಟೈಪ್ 1 ಆಗಿದ್ದರೆ ಇಷ್ಟು ವರ್ಷಕ್ಕೆ ಹೆಚ್ಚುಕಮ್ಮಿ ಬತ್ತಿರಬೇಕಿತ್ತು. ಅವಳದು ಬತ್ತಿರಲಿಲ್ಲ. ಜೀನ್ ಪರೀಕ್ಷೆಗೆ ರಕ್ತ ಹೊರಗಿನ ಊರಿಗೆ ಹೋಯಿತು. ಎಚ್‌ಎನ್‌ಎಫ್1ಎ ಜೀನ್‌ನಲ್ಲಿ ದೋಷ, ಮೋಡಿ (MODY) ಅನ್ನುವ ವಂಶದ ಮಧುಮೇಹ.

ಹೊಲ ಮಾಡುವವರಿಗೆ ಅರ್ಥವಾಗುವ ಮಾತಲ್ಲಿ ಹೇಳುತ್ತೇನೆ. ನೀರು ಮಡಿಗೆ ಬರದಿದ್ದರೆ ಬಾವಿಯಲ್ಲಿ ಮೋಟಾರೇ ಸರಿಯಾಗಿ ಎತ್ತುತ್ತಿಲ್ಲವೋ, ಮಡಿಯ ಬಾಯಿ ಕಟ್ಟಿದೆಯೋ ನೋಡುತ್ತೇವೆ, ಅಲ್ವಾ? ನಮ್ಮ ಮನೆಯದು ಮೋಟಾರಿನ ತೊಂದರೆ, ಇನ್ಸುಲಿನ್ ಬಿಡುವ ಕೆಲಸದ್ದು. ಇನ್ನು ಕೆಲವು ಮನೆಗಳಲ್ಲಿ ಇನ್ಸುಲಿನ್ ಜಾಸ್ತಿಯೇ ಇರುತ್ತದೆ, ಅದು ಕೂರಬೇಕಾದ ರಿಸೆಪ್ಟರ್, ಅಂದರೆ ಮಡಿಯ ಬಾಯಿ, ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇದು ಅಪರೂಪ. ಆ ಮಕ್ಕಳ ಕುತ್ತಿಗೆ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ, ಕೊಳೆ ಅಂತ ನಾವು ಕಲ್ಲು ಹಿಡಿದು ತಿಕ್ಕುತ್ತೇವೆ. ಮೈತೂಕ ಜಾಸ್ತಿ ಇದ್ದು ಇನ್ಸುಲಿನ್ ಕೇಳದ ಮಕ್ಕಳಲ್ಲೂ ಈ ಗುರುತು ಕಾಣುತ್ತದೆ. ತಿಕ್ಕುವ ಬದಲು ತೋರಿಸಿ.

ಮಗಳು ಈಗ ಡಾಕ್ಟರ್ ಕಣ್ಗಾವಲಿನಲ್ಲಿ, ಮೈಯಿಂದಲೇ ಇನ್ಸುಲಿನ್ ಬಿಡಿಸುವ ಗ್ಲಿಕ್ಲಾಜೈಡ್ ಗುಳಿಗೆಯ ಮೇಲಿದ್ದಾಳೆ, ಸೂಜಿ ನಿಂತಿದೆ. ಇದನ್ನು ಓದಿ ಯಾರೂ ತಾವಾಗಿ ಇನ್ಸುಲಿನ್ ಬಿಡಬೇಡಿ, ಟೈಪ್ 1 ಇದ್ದವರ ಜೀವಕ್ಕೇ ಕುತ್ತು.

ಸರ್ಕಾರದ ಮನೆಮನೆ ಶುಗರ್ ತಪಾಸಣೆ 30 ದಾಟಿದವರಿಗೆ. ಮೋಡಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 25ರ ಒಳಗೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಇಂಥ ಮನೆಗಳ ಮಕ್ಕಳನ್ನು 30ರ ತನಕ ಕಾಯಿಸಬೇಡಿ, ಜಿಲ್ಲಾ ಆಸ್ಪತ್ರೆಯಲ್ಲಿ ಸಿ-ಪೆಪ್ಟೈಡ್ ಪರೀಕ್ಷೆ ಬಡವರಿಗೆ ಪುಕ್ಕಟೆ ಸಿಗಲಿ ಅಂತ ಆರೋಗ್ಯ ಇಲಾಖೆಯವರನ್ನು ಕೇಳಿಕೊಳ್ಳುತ್ತೇನೆ. ನನ್ನ ಮಗನಿಗೆ ಈಗ 12. ಬರುವ ವಾರ ಅವನ ರಕ್ತ ಪರೀಕ್ಷೆ ಇದೆ.

– ಒಬ್ಬ ತಾಯಿ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ