ರಿವೈಂಡಿಂಗ್ ಮಾಡಿದವರ ಹೆಸರು ಮೋಟಾರಿನ ಜೊತೆಗಿರಲಿ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳ ‘ಮುಂದೇನು?’ ಪುಟದಲ್ಲಿ ಐಟಿಐಗೆ ಸಿಗುವುದು ಕೊನೆಯ ಒಂದೆರಡು ಸಾಲು. ಅದೂ ಕಡಿಮೆ ಅಂಕ ಬಂದವರಿಗೆ ಎಂಬ ಧಾಟಿಯಲ್ಲಿ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ (ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವುದು) ಎಂಬ ಒಂದೇ ಕಸುಬನ್ನು ಹತ್ತಿರದಿಂದ ನೋಡಿದರೂ ಆ ಧಾಟಿ ಎಷ್ಟು ತಪ್ಪೆಂದು ಗೊತ್ತಾಗುತ್ತದೆ.

ಸುಟ್ಟ ಮೋಟಾರ್ ಬಿಚ್ಚಿದ ಕೂಡಲೇ ಬಲ್ಲವರು ತಂತಿ ಕೀಳುವುದಿಲ್ಲ, ಹೇಗೆ ಸುಟ್ಟಿದೆ ಎಂದು ನೋಡುತ್ತಾರೆ. ಮೋಟಾರಿನೊಳಗೆ ಮೂರು ಫೇಸಿಗೆ, ಅಂದರೆ ಮೂರು ಲೈನಿಗೆ, ಬೇರೆ ಬೇರೆ ಕಾಯಿಲುಗಳು (ತಂತಿ ಸುರುಳಿಗಳು) ಇರುತ್ತವೆ. ಮೂರರ ಒಂದೊಂದು ತುದಿಯನ್ನು ಒಂದೆಡೆ ಸೇರಿಸಿದ ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸಿನ ಕಾಯಿಲುಗಳು ಕರಕಲಾಗಿ ಮೂರನೆಯದು ಹೊಸದರಂತಿದ್ದರೆ ಲೈನಿನಲ್ಲಿ ಒಂದು ಫೇಸ್ ಹೋಗಿತ್ತು ಎಂದರ್ಥ. ತುದಿಗೆ ತುದಿ ಸೇರಿಸಿ ತ್ರಿಕೋನವಾಗಿಸಿದ ಡೆಲ್ಟಾದಲ್ಲಾದರೆ ಒಂದೇ ಫೇಸ್ ಸುಟ್ಟಿರುತ್ತದೆ. ಮೂರೂ ಸಮನಾಗಿ ಕಪ್ಪಾಗಿದ್ದರೆ ವೋಲ್ಟೇಜ್ ಕುಸಿದಿರಬೇಕು, ಇಲ್ಲವೇ ಪಂಪ್ ಬಿಗಿದು ಲೋಡ್ ಏರಿರಬೇಕು. ತಂತಿ ಕೂರುವ ಸೀಳಾದ ಸ್ಲಾಟಿನ ಬಾಯಲ್ಲಿ ಒಂದೇ ಕಡೆ ತಾಮ್ರ ಕರಗಿದ್ದರೆ ಇನ್ಸುಲೇಷನ್ ಪೇಪರ್ ಹರಿದು ಮೋಟಾರಿನ ಮೈಗೆ ಶಾರ್ಟ್ ಆಗಿದೆ. ತಿರುಗದೆ ನಿಲ್ಲುವ ಹೊರಭಾಗವಾದ ಸ್ಟೇಟರಿನ ಒಳಮೈ ಉಜ್ಜಿದಂತಿದ್ದರೆ ಬೇರಿಂಗ್ ಸವೆದಿದೆ. ಕಾರಣ ಹಿಡಿಯದೆ ಹೊಸ ತಂತಿ ತುಂಬಿಕೊಟ್ಟರೆ ಅದೇ ಬೇಸಿಗೆಯಲ್ಲಿ ಆ ಮೋಟಾರ್ ಮತ್ತೆ ಅಂಗಡಿಗೆ ಬರುತ್ತದೆ. ಅಷ್ಟರಲ್ಲಿ ತೋಟ ಬಾಡಿರುತ್ತದೆ.

ಮುಂದಿನದು ಲೆಕ್ಕ. 36 ಸ್ಲಾಟಿನ, 4 ಪೋಲಿನ (ಕಾಂತಧ್ರುವದ) ಮೋಟಾರಿನಲ್ಲಿ ಪೋಲಿಗೆ 9 ಸ್ಲಾಟ್, ಅದರಲ್ಲಿ ಫೇಸಿಗೆ 3. ಮೂರು ಫೇಸುಗಳು 1, 7, 13ನೇ ಸ್ಲಾಟಿನಿಂದ ಶುರುವಾಗುತ್ತವೆ. ಕಾಯಿಲುಗಳ ಒಂದು ಗುಂಪಿನ ಕನೆಕ್ಷನ್ ತಿರುಗುಮುರುಗಾದರೂ ಮೋಟಾರ್ ಗುಂಯ್‌ಗುಟ್ಟುತ್ತದೆ, ಕರೆಂಟ್ ಏರುತ್ತದೆ. ಹಳೆಯ ತಂತಿಯ ಮೇಲಿನ ಎನಾಮಲ್ ಲೇಪ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಬೇಕು, ಸುತ್ತುಗಳನ್ನು ಒಂದೊಂದಾಗಿ ಎಣಿಸಬೇಕು. ನಾಲ್ಕಾರು ಸುತ್ತು ಕಡಿಮೆ ಮಾಡಿದರೆ ತಾಮ್ರ ಉಳಿಯುತ್ತದೆ, ಸ್ಲಾಟ್ ಸಲೀಸಾಗಿ ತುಂಬುತ್ತದೆ. ಆದರೆ ಲೋಡ್ ಇಲ್ಲದಾಗಲೂ ಮೋಟಾರ್ ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ.

ಅತಿ ಹೆಚ್ಚು ಹಾಳಾಗುವುದು ಹಳೆಯ ತಂತಿ ಬಿಡಿಸುವಾಗ. ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಶಾಖ ಸುಮಾರು 360 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸ್ಟೇಟರಿನ ಸ್ಟಾಂಪಿಂಗ್ ತಗಡುಗಳ (ಪೇರಿಸಿ ಜೋಡಿಸಿದ ತೆಳು ಹಾಳೆಗಳ) ನಡುವಿನ ಲೇಪ ಸುಟ್ಟು, ಕಬ್ಬಿಣವೇ ಕರೆಂಟ್ ತಿನ್ನಲು ಶುರುಮಾಡುತ್ತದೆ. ಕಾಯಿಲಿನ ಒಂದು ಬದಿ ಕತ್ತರಿಸಿ, ಹದವಾಗಿ ಕಾಯಿಸಿ, ಇನ್ನೊಂದು ಬದಿಯಿಂದ ಎಳೆಯುವುದು ಸರಿಯಾದ ಕ್ರಮ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ್ದರಿಂದ ಈ ನಷ್ಟ ರೈತರ ಬಿಲ್ಲಿನಲ್ಲಿ ಕಾಣುವುದಿಲ್ಲ. ಅದರ ಹೊರೆ ಹೊರುವುದು ಊರ ಟ್ರಾನ್ಸ್‌ಫಾರ್ಮರ್.

ವಾರ್ನಿಷ್ ಹಾಕುವಾಗಲೂ ಅವಸರವೇ ಶತ್ರು. ಮೊದಲು ಕಾಯಿಸಿ ತೇವ ಓಡಿಸಬೇಕು, ಗುಳ್ಳೆ ನಿಲ್ಲುವವರೆಗೆ ಅದ್ದಬೇಕು, ಸೋರಿಸಿ ಓವನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ಬಿಸಿಲಿಗಿಟ್ಟು ಸಂಜೆಗೇ ಕೊಟ್ಟ ಮೋಟಾರಿನಲ್ಲಿ ತಂತಿಗಳು ಒಳಗೇ ಅದುರಿ ಎನಾಮಲ್ ಸವೆಯುತ್ತದೆ. (ನೀರು ತುಂಬುವ ಸಬ್‌ಮರ್ಸಿಬಲ್ ಮೋಟಾರಿಗೆ ಪ್ಲಾಸ್ಟಿಕ್ ಹೊದಿಕೆಯ ತಂತಿ, ಅಲ್ಲಿ ವಾರ್ನಿಷ್ ಇಲ್ಲ, ಜಾಯಿಂಟ್ ಸುತ್ತುವ ಕೈಯೇ ಎಲ್ಲ.)

ಕೊನೆಗೆ ಇನ್ಸುಲೇಷನ್ ಗಟ್ಟಿಯಿದೆಯೇ ಎಂದು ನೋಡುವ 500 ವೋಲ್ಟ್ ಮೆಗ್ಗರ್ ಪರೀಕ್ಷೆ, ಮೂರು ಫೇಸಿನ ರೆಸಿಸ್ಟೆನ್ಸ್, ತಂತಿಯನ್ನು ಬಳಸಿ ಹಿಡಿದು ಅಳೆಯುವ ಟಾಂಗ್ ಟೆಸ್ಟರಿನಲ್ಲಿ ಮೂರರ ಕರೆಂಟ್. ಮೂರೂ ಸಮ ಬಂದು ಮೋಟಾರ್ ನುಣ್ಣಗೆ ತಿರುಗಿದಾಗ ಕೆಲಸ ಸರಿಯಾಗಿದೆ ಎನ್ನಲು ಇನ್ನೊಬ್ಬರ ಮಾತು ಬೇಕಿಲ್ಲ. ಎಷ್ಟೋ ದೊಡ್ಡ ಸಂಬಳದ ಕೆಲಸಗಳಲ್ಲಿ ಇಂಥ ಖಚಿತ ತೃಪ್ತಿ ಸಿಗುವುದಿಲ್ಲ.

ಹಾಗಾಗಿ ಕಸುಬಿನವರಲ್ಲಿ ಒಂದು ಕೋರಿಕೆ: ಪ್ರತಿ ಮೋಟಾರಿನ ಜೊತೆ ಒಂದು ಕಾರ್ಡ್ ಕೊಡಿ. ಸುಟ್ಟ ಕಾರಣ, ತಂತಿಯ ಗೇಜ್ (ದಪ್ಪ), ಸುತ್ತು, ಪಿಚ್ (ಕಾಯಿಲಿನ ಎರಡು ಬದಿಗಳ ನಡುವಿನ ಸ್ಲಾಟ್ ಅಂತರ), ಮೆಗ್ಗರ್ ರೀಡಿಂಗ್, ಮೂರು ಫೇಸಿನ ಕರೆಂಟ್, ದಿನಾಂಕ. ಕೆಳಗೆ ಅಂಗಡಿಯದಷ್ಟೇ ಅಲ್ಲ, ಸುತ್ತಿದವರ ಹೆಸರೂ ಇರಲಿ. ರೈತರು ಆ ಕಾರ್ಡನ್ನು ಸ್ಟಾರ್ಟರ್ ಪೆಟ್ಟಿಗೆಯಲ್ಲಿಟ್ಟುಕೊಂಡರೆ ಮುಂದಿನ ರಿಪೇರಿಗೂ ದಾರಿ ಸುಲಭ.

ತಮ್ಮ ಪತ್ರಿಕೆಯಲ್ಲೂ ಒಂದು ಮನವಿ. ಐಟಿಐಯ ಎಲೆಕ್ಟ್ರಿಷಿಯನ್ ಟ್ರೇಡ್ ಎಸ್ಸೆಸ್ಸೆಲ್ಸಿ ನಂತರದ ಎರಡು ವರ್ಷದ ಕಲಿಕೆ, ವೈಂಡಿಂಗ್ ಅದರ ಭಾಗ. ಮುಂದಿನ ಫಲಿತಾಂಶದ ಹೊತ್ತಿಗೆ ಅಲ್ಲಿ ಏನೇನು ಕಲಿಸುತ್ತಾರೆ, ಯಾವ ಯಂತ್ರದ ಮೇಲೆ ಕೈ ಪಳಗುತ್ತದೆ ಎಂಬುದನ್ನು ಚಿತ್ರಸಹಿತ ಅರ್ಧ ಪುಟವಾದರೂ ಪ್ರಕಟಿಸಿ.

– ಒಬ್ಬ ರಿವೈಂಡಿಂಗ್ ಕಸುಬುದಾರ, ತಿಪಟೂರು