‘ಮಾಡಿಫೈ ಆದ ಗಾಡಿ’ ಎಂಬ ನೆಪದಲ್ಲಿ ಫ್ಯೂಯಲ್ ಪಂಪ್ ವಾರಂಟಿ ನಿರಾಕರಿಸಿದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ವಾಹನ ಬಿಡಿಭಾಗಗಳ ಮಾರಾಟ ಸಂಸ್ಥೆ,
ಜೆ.ಸಿ. ರಸ್ತೆ, ಬೆಂಗಳೂರು

ವಿಷಯ: ದೋಷಯುಕ್ತ ಇನ್‌ಲೈನ್ ಫ್ಯೂಯಲ್ ಪಂಪ್‌ನ ಹಣ ಮರುಪಾವತಿ ಕುರಿತು

ಮಾನ್ಯರೇ,

ನನ್ನ ಜಿಪ್ಸಿಗೆಂದು ತಮ್ಮಲ್ಲಿ ಕೊಂಡ, ಟ್ಯಾಂಕಿನ ಹೊರಗೆ ಪೆಟ್ರೋಲ್ ಕೊಳವೆಯಲ್ಲಿ ಕೂರುವ (ಇನ್‌ಲೈನ್) ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ಬಿಸಿಯಾದೊಡನೆ ಒತ್ತಡ ಕಳೆದುಕೊಳ್ಳುತ್ತಿದೆ. ವಾರಂಟಿ ಇನ್ನೂ ಮುಗಿದಿಲ್ಲ. ಬದಲಿಸಿಕೊಡಿ ಎಂದು ಕೇಳಿದ್ದಕ್ಕೆ ತಮ್ಮವರಿಂದ ಬಂದದ್ದು ಒಂದೇ ಸಾಲಿನ ಉತ್ತರ: “ವಾಹನ ಮಾಡಿಫೈ ಆಗಿರುವುದರಿಂದ ವಾರಂಟಿ ಅನ್ವಯಿಸುವುದಿಲ್ಲ.” ಇದನ್ನು ನಾನು ಒಪ್ಪುವುದಿಲ್ಲ. ಏಕೆಂದು ವಿವರವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಈ ಪತ್ರವನ್ನು ಗಾಡಿ ಕೆಲಸ ಬಲ್ಲವರೊಬ್ಬರ ಕೈಗೆ ಕೊಡಿ.

ಗಾಡಿ 1992ರ ಮಾರುತಿ ಜಿಪ್ಸಿ. ಮೊದಲಿದ್ದದ್ದು 970 ಸಿಸಿಯ ಕಾರ್ಬ್ಯುರೇಟರ್ ಎಂಜಿನ್. ಅದು ಸವೆದ ಮೇಲೆ ಎಸ್ಟೀಮ್‌ನ 1298 ಸಿಸಿ ಎಂಪಿಎಫ್‌ಐ (ಇಂಜೆಕ್ಟರ್‌ಗಳ ಮೂಲಕ ಪೆಟ್ರೋಲ್ ಸಿಂಪಡಿಸುವ) ಎಂಜಿನ್ ಕೂರಿಸಿ, ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಿದ್ದೇನೆ. ಹಳೆಯ ಎಂಜಿನ್‌ಗೆ ಮೆಕ್ಯಾನಿಕಲ್ ಪಂಪ್ ಕೊಡುವ ಕಾಲು ಬಾರ್‌ನಷ್ಟು ಒತ್ತಡ ಧಾರಾಳವಾಗಿ ಸಾಕಿತ್ತು. ಇಂಜೆಕ್ಟರ್‌ಗಳಿಗೆ 3 ಬಾರ್ ಆಸುಪಾಸು ಬೇಕು. ಹಾಗಾಗಿಯೇ ಬೇರೆ ಪಂಪ್ ಕೊಳ್ಳಬೇಕಾಯಿತು. ತಮ್ಮ ಪಂಪಿನ ಡಬ್ಬಿಯ ಮೇಲೇ “ಕಾರ್ಬ್ಯುರೇಟರ್‌ನಿಂದ ಎಂಪಿಎಫ್‌ಐ ಪರಿವರ್ತನೆಗೆ” ಎಂದು ಅಚ್ಚಾಗಿದೆ. ಕೌಂಟರ್‌ನಲ್ಲಿದ್ದವರು ಗಾಡಿ ಯಾವುದು, ಎಂಜಿನ್ ಯಾವುದು ಎಂದು ಕೇಳಿಕೊಂಡೇ ಕೊಟ್ಟರು; ಬಿಲ್ಲಿನಲ್ಲೂ ಬರೆದಿದ್ದಾರೆ. ಪರಿವರ್ತನೆಗೆಂದೇ ಮಾರುವ ಪಂಪಿಗೆ, ಗಾಡಿ ಪರಿವರ್ತನೆಯಾಗಿದೆ ಎಂಬ ಕಾರಣಕ್ಕೇ ವಾರಂಟಿ ಇಲ್ಲವೆಂದರೆ, ಆ ವಾರಂಟಿ ಯಾರಿಗಾಗಿ ಬರೆದದ್ದು?

ತೊಂದರೆ ಹೀಗಿದೆ. ಬೆಳಿಗ್ಗೆ ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿ ಏರು ಸಿಕ್ಕಿತೆಂದರೆ ಪಿಕಪ್ ಸತ್ತು, ಮುಕ್ಕರಿಸಿ, ನಿಂತುಬಿಡುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.

ಕೂಡಲೇ ಪಂಪಿನ ಮೇಲೆ ತಪ್ಪು ಹೊರಿಸಲಿಲ್ಲ. ಹಳೆಯ ಗಾಡಿಯಲ್ಲಿ ವೈರಿಂಗ್ ಮೇಲೆ ಮೊದಲು ಅನುಮಾನ ಬರುವುದು ಸಹಜ. ನಮ್ಮ ಮೆಕ್ಯಾನಿಕ್ ಪಂಪಿಗೆ ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಹೊಸ ರಿಲೇ, ಪ್ರತ್ಯೇಕ ಅರ್ತಿಂಗ್ ಕೊಟ್ಟರು. ಗಾಡಿ ನಿಲ್ಲುವ ಹೊತ್ತಿನಲ್ಲೂ ಪಂಪಿನ ಟರ್ಮಿನಲ್‌ನಲ್ಲಿ 13 ವೋಲ್ಟ್‌ಗೂ ಹೆಚ್ಚು ಇತ್ತು. ಫಿಲ್ಟರ್ ಹೊಸದು. ಏರಿನಲ್ಲಿ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪ್ ಗಾಳಿ ಎಳೆಯುತ್ತಿರಬಹುದೇ ಎಂದು ಟ್ಯಾಂಕ್ ಭರ್ತಿ ಮಾಡಿಸಿ ನೋಡಿದೆವು. ಟ್ಯಾಂಕ್‌ನ ಗಾಳಿ ಕೊಳವೆ ಕಟ್ಟಿರಬಹುದೆಂದು ಮುಚ್ಚಳ ಸಡಿಲಿಸಿ ನೋಡಿದೆವು. ವ್ಯತ್ಯಾಸವಾಗಲಿಲ್ಲ. ಇನ್‌ಲೈನ್ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ದುರ್ಬಲ ಎಂಬುದು ನಮಗೂ ಗೊತ್ತು. ಹಾಗಾಗಿಯೇ ಅದನ್ನು ಟ್ಯಾಂಕಿನ ತಳಕ್ಕಿಂತ ಕೆಳಗೆ, ಸೈಲೆನ್ಸರ್‌ನಿಂದ ದೂರ ಕೂರಿಸಿದ್ದೇವೆ.

ಆಮೇಲೆ ಪೆಟ್ರೋಲ್ ಒತ್ತಡ ಅಳೆಯುವ ಗೇಜ್ ಹಾಕಿದೆವು. ತಣ್ಣಗಿರುವಾಗ ಮುಳ್ಳು 3 ಬಾರ್‌ನಲ್ಲಿ. ಬಿಸಿಯಾದಂತೆ ಇಳಿಯುತ್ತ 1.5ಕ್ಕೂ ಕೆಳಗೆ. ಒತ್ತಡ ನಿಯಂತ್ರಿಸುವ ರೆಗ್ಯುಲೇಟರ್ ತಪ್ಪಿದ್ದರೆ, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಹೋಸನ್ನು ಕ್ಷಣಮಾತ್ರ ಹಿಸುಕಿದಾಗ ಒತ್ತಡ ಜಿಗಿಯಬೇಕು, ಜಿಗಿಯಲಿಲ್ಲ. ಇನ್ನೊಂದು ದೋಷವೂ ಇದೆ. ಎಂಜಿನ್ ಆಫ್ ಮಾಡಿದೊಡನೆ ಒತ್ತಡ ಸೊನ್ನೆಗೆ ಬೀಳುತ್ತದೆ, ಆದರೆ ಪಂಪಿನಿಂದ ಹೊರಡುವ ಹೋಸನ್ನು ಆ ಕೂಡಲೇ ಕ್ಲ್ಯಾಂಪ್ ಮಾಡಿದರೆ ಒತ್ತಡ ಹಾಗೇ ಉಳಿಯುತ್ತದೆ. ಅಂದರೆ ಇಂಜೆಕ್ಟರ್ ಸೋರುತ್ತಿಲ್ಲ, ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯಬೇಕಾದ, ಪಂಪಿನೊಳಗಿನ ಚೆಕ್ ವಾಲ್ವ್ ಹಿಡಿಯುತ್ತಿಲ್ಲ. ಕೊನೆಗೆ ಸ್ನೇಹಿತರೊಬ್ಬರ ಬಳಿಯಿದ್ದ ಬೇರೆ ಇನ್‌ಲೈನ್ ಪಂಪ್ ತಂದು ಅದೇ ಟ್ಯಾಂಕ್, ಅದೇ ಹೋಸ್, ಅದೇ ವೈರಿಗೆ ಜೋಡಿಸಿದೆವು. ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದವರೆಗೆ ಏರಿದರೂ ಗೇಜ್ ಅಲುಗಲಿಲ್ಲ. ಮಾಡಿಫಿಕೇಶನ್‌ನಲ್ಲಿ ದೋಷವಿದ್ದಿದ್ದರೆ ಆ ಪಂಪೂ ಸೋಲಬೇಕಿತ್ತಲ್ಲವೇ?

ಫೋನಿನಲ್ಲಿ ತಮ್ಮವರು ಇ20 (ಶೇ 20ರಷ್ಟು ಎಥೆನಾಲ್ ಬೆರೆಸಿದ) ಪೆಟ್ರೋಲಿನ ಮಾತೂ ತೆಗೆದರು. ಎಥೆನಾಲ್ ಹಳೆಯ ರಬ್ಬರನ್ನು ಹಾಳುಮಾಡಬಹುದೆಂದೇ ಹೋಸುಗಳನ್ನೆಲ್ಲ ಬದಲಿಸಿದ್ದೇನೆ. ಬಂಕಿನಲ್ಲಿ ಇಂದು ಸಿಗುವುದು ಅದೇ ಪೆಟ್ರೋಲ್. ಅದನ್ನು ತಾಳಲಾರದ ಪಂಪ್ ಎಂದಾದರೆ ಡಬ್ಬಿಯ ಮೇಲೆ ಹಾಗೆ ಹೇಳಬೇಕಿತ್ತು. ಆ ಡಬ್ಬಿಯಲ್ಲಿ ತಯಾರಕರ ಹೆಸರಿಲ್ಲ, ತಯಾರಾದ ತಿಂಗಳು, ವರ್ಷವೂ ಇಲ್ಲ. ಇದು ನನಗೆ ಪಂಪಿನ ದೋಷಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಮಂಗಳೂರಿನ ಆಸ್ಪತ್ರೆಯಿಂದ ಅಮ್ಮನನ್ನು ಕರೆತರುವಾಗ ಚಾರ್ಮಾಡಿಯ ತಿರುವಿನಲ್ಲಿ, ಮಳೆ ಮಂಜಿನ ನಡುವೆ ಗಾಡಿ ನಿಂತಿತು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕರು ಎಚ್ಚರವಾಗಿದ್ದರು, ಅಷ್ಟೇ. ಘಾಟಿಯಲ್ಲಿ ಎಂಜಿನ್ ಆಫ್ ಆದರೆ ಬ್ರೇಕ್ ಬೂಸ್ಟರಿನ ಬಲವೂ ಬೇಗ ಕರಗುತ್ತದೆ. ಇದೇ ಪಂಪನ್ನು ಮಲೆನಾಡಿನ ಇನ್ನೆಷ್ಟು ಜಿಪ್ಸಿಗಳಿಗೆ ಹಾಕಿದ್ದಾರೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಪಂಪಿನ ಪೂರ್ತಿ ಬೆಲೆ, ಬಿಚ್ಚಿ ಜೋಡಿಸಿದ ಕೂಲಿ ಮತ್ತು ಗಾಡಿ ಎಳೆಸಿದ ಖರ್ಚು ನನಗೆ ಮರಳಬೇಕು. ಬದಲಿ ಪಂಪ್ ಈಗ ಬೇಡ. ಅದೇ ಬ್ಯಾಚಿನ ಪಂಪ್ ಕೊಂಡ ಇತರರಿಗೂ ತಾವೇ ತಿಳಿಸಬೇಕು. ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ.

ಪಂಪಿನ ಒಳಭಾಗ ಬಿಚ್ಚದೆ ಹಾಗೇ ಇಟ್ಟಿದ್ದೇನೆ. ತಮ್ಮ ತಂತ್ರಜ್ಞರು ಪರೀಕ್ಷಿಸುವುದಾದರೆ ನನ್ನೆದುರೇ, ಬಿಸಿಯಾಗುವವರೆಗೆ ಓಡಿಸಿ ಪರೀಕ್ಷಿಸಲಿ. ರಸೀದಿ ಪಡೆಯದೆ ಯಾರ ಕೈಗೂ ಅದನ್ನು ಒಪ್ಪಿಸುವುದಿಲ್ಲ.

ಇಂತಿ,
ತಮ್ಮ ಗ್ರಾಹಕ
ಮೂಡಿಗೆರೆ ತಾಲ್ಲೂಕು

ಅಡಕ: ಬಿಲ್ ಮತ್ತು ವಾರಂಟಿ ಕಾರ್ಡಿನ ಪ್ರತಿ, ಆರ್‌ಸಿ ಪ್ರತಿ, ಡಬ್ಬಿಯ ಹಾಗೂ ಗೇಜ್‌ನ ಫೋಟೊಗಳು, ಮೆಕ್ಯಾನಿಕ್ ಬರೆದುಕೊಟ್ಟ ವರದಿ