ಶವಾಗಾರದ ಬಾಗಿಲಲ್ಲಿ ನಿಂತವರನ್ನು ಮಾತಾಡಿಸುವವರು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವರ್ಷಗಳ ಹಿಂದೆ ನನ್ನ ತಮ್ಮ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿ ತೀರಿಕೊಂಡ. ಸುದ್ದಿ ತಿಳಿದ ರಾತ್ರಿಯೇ ಮಂಡ್ಯದಿಂದ ಹೊರಟು ಬಂದ ನಮ್ಮ ತಾಯಿ, ಮರುದಿನ ಬೆಳಗ್ಗೆಯಿಂದ ಮಧ್ಯಾಹ್ನ ಎರಡು ಗಂಟೆಯವರೆಗೂ ಆಸ್ಪತ್ರೆಯೊಂದರ ಶವಾಗಾರದ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಪೋಸ್ಟ್‌ಮಾರ್ಟಂ ಮುಗಿದ ಮೇಲೆ ರಿಜಿಸ್ಟರ್ ಹಿಡಿದು ಹೊರಗೆ ಬಂದ ಸಿಬ್ಬಂದಿಯೊಬ್ಬರು, ‘ಆಕ್ಸಿಡೆಂಟ್ ಬಾಡಿ ಕಡೆಯೋರು ಯಾರ್ರೀ?’ ಎಂದು ಕೂಗಿದರು. ಮೊದಲು ಎದ್ದವರು ನಮ್ಮ ತಾಯಿಯೇ. ಅವರು ಕೇಳಿದ್ದು ಒಂದೇ, ಮಗನ ಮುಖ ನೋಡಬೇಕು ಎಂದು. ‘ನೋಡೋ ಹಾಗಿಲ್ಲ, ಕಟ್ಟಿಬಿಟ್ಟಿದೀವಿ’ ಎಂಬ ಉತ್ತರ ಬಂತು. ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ ಎಂಬುದು ನಿಜವೇ ಇರಬಹುದು, ಆದರೆ ಅದನ್ನು ಎರಡು ನಿಮಿಷ ನಿಂತು, ಮೆಲ್ಲಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಚಿತಾಗಾರದಲ್ಲಿ ಕೊಟ್ಟ ಸಮಯ ಮೀರುತ್ತದೆ ಎಂದು ಮುಕ್ತಿವಾಹನದ ಚಾಲಕರು ಅವಸರಿಸುತ್ತಿದ್ದರು.

ವಿದ್ಯುತ್ ಚಿತಾಗಾರದಲ್ಲಿ ಪುರೋಹಿತರು ಹೇಳಿದ್ದನ್ನೆಲ್ಲ ಮಾಡಿದೆವು. ನಮ್ಮ ತಾಯಿ ಮಾತ್ರ ಆ ಬಿಳಿ ಬಟ್ಟೆಯ ಗಂಟನ್ನು ನೋಡುತ್ತ, ಅಳದೆ, ಕಲ್ಲಿನಂತೆ ನಿಂತಿದ್ದರು. ಆಗ ಅಲ್ಲಿನ ನೌಕರರೊಬ್ಬರು, ಐವತ್ತರ ಆಸುಪಾಸಿನವರು, ಅವರ ಹತ್ತಿರ ಬಂದು, ‘ಅವ್ವಾ, ಎಡಗೈಗೆ ಏನೂ ಆಗಿಲ್ಲ. ಕೈ ಮುಟ್ತೀರಾ? ಅವಸರ ಇಲ್ಲ’ ಎಂದರು. ಒಪ್ಪಿಗೆಗೆ ಕಾದು, ಪಕ್ಕದ ಕಟ್ಟನ್ನು ಸಡಿಲಿಸಿ, ಕೈಯೊಂದನ್ನೇ ಹೊರಗೆ ತೆಗೆದಿಟ್ಟರು. ಹತ್ತು ವರ್ಷದವನಿದ್ದಾಗ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿ ಆಗಿದ್ದ ಗಾಯದ ಗುರುತು ಅವನ ತೋರುಬೆರಳಿನ ಮೇಲಿತ್ತು. ನಮ್ಮ ತಾಯಿ ಆ ಬೆರಳನ್ನು ಹಿಡಿದುಕೊಂಡರು, ಆಮೇಲೆ ಅತ್ತರು. ಬಾಗಿಲ ಬಳಿ ಕಾಯುತ್ತಿದ್ದ ಇನ್ನೊಬ್ಬ ನೌಕರ ಅಷ್ಟು ಹೊತ್ತೂ ಆ ಕಡೆ ಮುಖ ಮಾಡಿ ನಿಂತಿದ್ದರು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಮುಂದಿನ ಆರೇಳು ತಿಂಗಳು ನಮ್ಮ ತಾಯಿ ನಡುರಾತ್ರಿ ಎದ್ದು ಕುಳಿತು, ‘ಅದು ಅವನೇನಾ, ಬೇರೆ ಯಾರದೋ ಅಲ್ಲ ತಾನೆ?’ ಎಂದು ಕೇಳುತ್ತಿದ್ದರು. ನಾನು ಉತ್ತರ ಹುಡುಕುವಷ್ಟರಲ್ಲಿ ತಾವೇ, ‘ಬೆರಳಲ್ಲಿ ಗುರುತಿತ್ತು’ ಎಂದು ಹೇಳಿಕೊಂಡು ಮಲಗುತ್ತಿದ್ದರು. ಆ ಐದು ನಿಮಿಷ ಸಿಗದೇ ಹೋಗಿದ್ದರೆ ಆ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ. ನಮ್ಮ ಸರದಿಯಲ್ಲಿ ಅಂಥ ಒಬ್ಬ ಮನುಷ್ಯ ಇದ್ದದ್ದು ನಮ್ಮ ಪುಣ್ಯ. ಅದು ಪುಣ್ಯಕ್ಕೆ ಬಿಡುವ ವಿಷಯವಲ್ಲ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಸಾವಿನ ದುಃಖವನ್ನು ವೈದ್ಯಶಾಸ್ತ್ರ ಕ್ರಮವಾಗಿ ಗಮನಿಸಿದ ಮೊದಲ ಪ್ರಯತ್ನಗಳಲ್ಲಿ ಒಂದು ನಡೆದದ್ದು ಅಮೆರಿಕದ ಬಾಸ್ಟನ್ನಿನಲ್ಲಿ. 1942ರ ನವೆಂಬರ್‌ನಲ್ಲಿ ಅಲ್ಲಿನ ಕೋಕೊನಟ್ ಗ್ರೋವ್ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 492 ಜನ ಸತ್ತರು. ಆ ದುರಂತದಲ್ಲಿ ತಮ್ಮವರನ್ನು ಕಳೆದುಕೊಂಡವರೂ ಸೇರಿದಂತೆ ಹಲವರನ್ನು ಮಾತನಾಡಿಸಿದ ಮನೋವೈದ್ಯ ಎರಿಕ್ ಲಿಂಡೆಮನ್, 1944ರಲ್ಲಿ ತಾವು ಕಂಡದ್ದನ್ನು ಬರೆದರು: ಅಲೆಯಂತೆ ಬಂದು ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಕಾಡುವ ಸಂಕಟ, ಗಂಟಲು ಬಿಗಿಯುವುದು, ಮತ್ತೆ ಮತ್ತೆ ನಿಟ್ಟುಸಿರು, ಹೊಟ್ಟೆಯಲ್ಲಿ ಏನೂ ಇಲ್ಲವೆನ್ನಿಸುವ ಬರಿದು, ‘ನಾನು ಹೀಗೆ ಮಾಡಿದ್ದರೆ ಉಳಿಯುತ್ತಿದ್ದರೇನೋ’ ಎಂಬ ತಪ್ಪಿತಸ್ಥ ಭಾವನೆ. ಇದನ್ನು ಓದಿದಾಗ ನಮ್ಮ ತಾಯಿಯನ್ನೇ ನೋಡಿ ಬರೆದಂತೆ ನನಗೆ ತೋರಿತು. ಗಂಟಲು ಕಟ್ಟಿತು, ಕರುಳು ಕಿತ್ತು ಬಂತು ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಹೇಳಬೇಕು. ದುಃಖಕ್ಕೆ ಐದು ಹಂತಗಳಿವೆ, ನಿರಾಕರಣೆಯಿಂದ ಆರಂಭವಾಗಿ ಒಪ್ಪಿಕೊಳ್ಳುವಲ್ಲಿ ಮುಗಿಯುತ್ತದೆ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಎಲಿಸಬೆತ್ ಕ್ಯೂಬ್ಲರ್ ರಾಸ್ ಅವರು 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತನಾಡಿಸಿದ ಆಧಾರದ ಮೇಲೆಯೇ ಹೊರತು, ಹಿಂದೆ ಉಳಿದವರನ್ನು ನೋಡಿ ಅಲ್ಲ. ಉಳಿದವರ ದುಃಖ ಮೆಟ್ಟಿಲು ಹತ್ತಿದಂತೆ ಸಾಗುವುದಿಲ್ಲ. ಬೆಳಗ್ಗೆ ಅತ್ತು, ಮಧ್ಯಾಹ್ನ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಸಂಜೆ ಮತ್ತೆ ಅಳುವವರನ್ನು ‘ಇವರಿಗೇನಾಗಿದೆ’ ಎಂದು ನೋಡಬೇಕಾಗಿಲ್ಲ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ವಿವರಿಸಿದ್ದು ಇದನ್ನೇ. ಕಳೆದುಕೊಂಡದ್ದರ ಕಡೆಗೊಮ್ಮೆ, ಬದುಕಬೇಕಾದ ದಿನಗಳ ಕಡೆಗೊಮ್ಮೆ ಹೀಗೆ ತೂಗಾಡುತ್ತಲೇ ಮನಸ್ಸು ಚೇತರಿಸಿಕೊಳ್ಳುತ್ತದೆ ಎನ್ನುತ್ತಾರೆ ಅವರು. ಹೆಚ್ಚಿನವರು ಮನೆಯವರ, ನೆಂಟರ ಆಸರೆಯಲ್ಲೇ ಸುಧಾರಿಸಿಕೊಳ್ಳುತ್ತಾರೆ, ಅವರಿಗೆ ಚಿಕಿತ್ಸೆ ಬೇಕಿಲ್ಲ. ಕೆಲವರಿಗೆ ಮಾತ್ರ ದುಃಖ ಸಡಿಲವಾಗದೆ ದಿನನಿತ್ಯದ ಬದುಕನ್ನೇ ಹಿಡಿದು ನಿಲ್ಲಿಸಿಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಗಳ ಪಟ್ಟಿ, ಆರು ತಿಂಗಳು ಮೀರಿದರೂ ಹೀಗೇ ಉಳಿಯುವ ತೀವ್ರ ಶೋಕವನ್ನು ಪ್ರತ್ಯೇಕ ಕಾಯಿಲೆಯೆಂದು ಗುರುತಿಸಿದೆ. ಆಯಾ ಸಮಾಜದ ರೂಢಿಯಲ್ಲಿ ಎಷ್ಟು ಕಾಲ ಶೋಕಿಸುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದೂ ಅದು ಹೇಳುತ್ತದೆ.

ನಮ್ಮ ರೂಢಿಯಲ್ಲಿ ಇದಕ್ಕೆಲ್ಲ ಒಂದು ಏರ್ಪಾಡು ಇತ್ತು. ಸಾವಿನ ಮನೆಗೆ ಹೋಗುವುದನ್ನು ನಮ್ಮ ಕಡೆ ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ನಮ್ಮ ಊರಿನಲ್ಲಿ ತಮ್ಮನ ಹಾಲು ತುಪ್ಪದ ದಿನ ಬಂದ ಮುದುಕಿಯರು ಒಬ್ಬೊಬ್ಬರಾಗಿ ತಾಯಿಯ ಪಕ್ಕ ಕುಳಿತು, ಕೈ ಹಿಡಿದು, ‘ಹೆಂಗಾಯ್ತವ್ವ?’ ಎಂದು ಕೇಳಿದರು. ಎಲ್ಲರಿಗೂ ಗೊತ್ತಿದ್ದದ್ದನ್ನೇ ತಾಯಿ ಮೊದಲಿನಿಂದ ಹೇಳಿದರು, ಮತ್ತೊಬ್ಬರು ಬಂದಾಗ ಮತ್ತೆ ಹೇಳಿದರು. ಸತ್ತವರ ಗುಣ ಹೇಳಿ ಹಾಡಿಕೊಂಡು ಅಳುವ ಪದ್ಧತಿಯೂ ಆ ಮುದುಕಿಯರಲ್ಲಿ ಇನ್ನೂ ಉಳಿದಿತ್ತು. ಆಪ್ತ ಸಮಾಲೋಚಕರು ಕಲಿತು ಮಾಡುವ ಕೆಲಸದ ಮೊದಲ ಪಾಠವೂ ಇದೇ ಅಲ್ಲವೇ, ದುಃಖದಲ್ಲಿರುವವರು ತಮ್ಮ ಮಾತಿನಲ್ಲಿ, ತಮಗೆ ಬೇಕಾದಷ್ಟು ಸಲ ಹೇಳಿಕೊಳ್ಳಲು ಬಿಡುವುದು? ಉತ್ತರ ಕರ್ನಾಟಕದಲ್ಲಿ ಒಲೆ ಹಚ್ಚದ ಮನೆಗೆ ನೆಂಟರು ಬುತ್ತಿ ತರುವುದು, ಹನ್ನೊಂದನೆಯ ದಿನ, ಮಾಸಿಕ, ವರ್ಷಾಬ್ದಿಕ, ಮಹಾಲಯ ಅಮಾವಾಸ್ಯೆ, ಮುಸ್ಲಿಮರಲ್ಲಿ ಪತಿಯನ್ನು ಕಳೆದುಕೊಂಡವರು ಪಾಲಿಸುವ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್, ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳ ಬಳಿ ಸೇರುವುದು, ಇವೆಲ್ಲ ದುಃಖಕ್ಕೆ ಜಾಗವನ್ನೂ ಕಾಲವನ್ನೂ ಕೊಟ್ಟಿದ್ದವು. ಎಲ್ಲ ರೂಢಿಯೂ ಕರುಣೆಯದೇ ಎಂದು ನಾನು ಹೇಳುತ್ತಿಲ್ಲ. ಗಂಡ ಸತ್ತ ಹೆಣ್ಣಿನ ಬಳೆ ಒಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅದನ್ನು ಯಾವ ಕಾರಣಕ್ಕೂ ಒಪ್ಪಲಾರೆ.

ನಗರದಲ್ಲಿ ಈ ಏರ್ಪಾಡು ಸಡಿಲಗೊಂಡಿದೆ. ರಜೆ ಸಿಗುವುದಿಲ್ಲವೆಂದು ಹನ್ನೊಂದು ದಿನದ ಕರ್ಮ ಮೂರು ದಿನಕ್ಕೆ ಇಳಿಯುತ್ತದೆ, ಮಾತಾಡಿಸಲು ಬರಬೇಕಾದವರು ಫೋನಿನಲ್ಲಿ ‘ಓಂ ಶಾಂತಿ’ ಎಂದು ಕಳಿಸುತ್ತಾರೆ. ಇದು ಎಷ್ಟು ದೂರ ಹೋಗಬಹುದೆಂದು ಕೋವಿಡ್ ಎರಡನೆಯ ಅಲೆಯಲ್ಲಿ ಕಂಡೆವು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು, ಬಹಳ ಮನೆಯವರಿಗೆ ಮುಖ ನೋಡುವುದಿರಲಿ, ಹತ್ತಿರ ನಿಲ್ಲಲೂ ಆಗಲಿಲ್ಲ. ಆ ಜೂನ್‌ನಲ್ಲಿ, ಯಾರೂ ಬಂದು ಒಯ್ಯದೆ ಉಳಿದಿದ್ದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಸರ್ಕಾರವೇ ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಬೂದಿಗೆ ಬಾರದವರನ್ನು ಅಂದು ಹಲವರು ಬೈದರು. ಅವರಲ್ಲಿ ಎಷ್ಟು ಜನ ತಾವೇ ಆಸ್ಪತ್ರೆಯಲ್ಲಿದ್ದರೋ, ಎಷ್ಟು ಜನಕ್ಕೆ ಬರುವ ಧೈರ್ಯ ಇರಲಿಲ್ಲವೋ. ಕೊನೆಯ ದರ್ಶನವೂ ಕರ್ಮವೂ ಇಲ್ಲದೆ ಉಳಿದುಹೋದ ಆ ದುಃಖ ಈಗಲೂ ಎಷ್ಟೋ ಮನೆಗಳಲ್ಲಿದೆ.

ಅಮೆರಿಕದಲ್ಲಿ ಅಂತ್ಯಕ್ರಿಯೆಯ ವೃತ್ತಿಗೆ ಓದುವವರಿಗೆ ಶೋಕದ ಮನಶ್ಶಾಸ್ತ್ರ ಮತ್ತು ಸಮಾಲೋಚನೆ ಪಠ್ಯದ ಭಾಗವೇ ಆಗಿದೆ. ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು. ಅಲ್ಲಿ ದೇಹವನ್ನು ಹಲವು ದಿನ ಇರಿಸಿಕೊಳ್ಳುತ್ತಾರೆ, ಮನೆಯವರು ಬಂದು ಕುಳಿತು ಮಾತನಾಡುವಷ್ಟು ಸಮಯವಿರುತ್ತದೆ. ನಮ್ಮಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ದಿನದೊಳಗೆ ಎಲ್ಲ ಮುಗಿಯುತ್ತದೆ. ಆದ್ದರಿಂದಲೇ ಶವಾಗಾರದ ಬಾಗಿಲಲ್ಲಿ, ಮುಕ್ತಿವಾಹನದಲ್ಲಿ, ಕುಲುಮೆಯ ಮುಂದೆ ಆಡುವ ನಾಲ್ಕು ಮಾತಿನ ತೂಕ ಇಲ್ಲಿ ಹೆಚ್ಚು. ಅಲ್ಲಿ ಕೆಲಸ ಮಾಡುವವರನ್ನು ಸಮಾಲೋಚಕರನ್ನಾಗಿ ಮಾಡಿ ಎಂದು ನಾನು ಕೇಳುತ್ತಿಲ್ಲ. ‘ಬಾಡಿ’ ಎನ್ನದೆ ಹೆಸರು ಹಿಡಿದು ಕರೆಯುವುದು, ದೇಹದ ಸ್ಥಿತಿ ಹೇಗಿದೆಯೆಂದು ಮೊದಲೇ ತಿಳಿಸಿ ನೋಡುವ, ಬಿಡುವ ಆಯ್ಕೆಯನ್ನು ಮನೆಯವರಿಗೇ ಕೊಡುವುದು, ಅಳುವವರನ್ನು ‘ಅಳಬೇಡಿ’ ಎಂದು ತಡೆಯದಿರುವುದು, ಮಕ್ಕಳಿಗೆ ‘ಮಲಗಿದ್ದಾರೆ’ ಎಂದು ಹೇಳದಂತೆ ದೊಡ್ಡವರಿಗೆ ತಿಳಿಹೇಳುವುದು, ಇಷ್ಟನ್ನು ಕೆಲವು ದಿನಗಳ ತರಬೇತಿಯಲ್ಲಿ ಕಲಿಸಬಹುದು. ಮಾನಸಿಕ ಆರೋಗ್ಯಕ್ಕೆಂದೇ ಇರುವ ನಿಮ್ಹಾನ್ಸ್‌ನಂಥ ರಾಷ್ಟ್ರೀಯ ಸಂಸ್ಥೆ ನಮ್ಮ ರಾಜಧಾನಿಯಲ್ಲಿಯೇ ಇದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಟ್ಟು, ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಕೆಲಸದ ಹಿಂದೆ ಇದ್ದದ್ದೂ ಅದೇ ಸಂಸ್ಥೆ.

ಆ ನೌಕರರ ಮನಸ್ಸಿನ ಪಾಡನ್ನೂ ಕೇಳಬೇಕು. 2022ರಲ್ಲಿ ಸರ್ಕಾರ ಸ್ಮಶಾನ ಕಾರ್ಮಿಕರಿಗೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂಬ ಗೌರವದ ಹೆಸರು ಕೊಟ್ಟಿತು. ಹೆಸರಿನ ಜೊತೆಗೆ ಸಕಾಲಕ್ಕೆ ಸಂಬಳ, ವಾರದ ರಜೆ, ಮನಸ್ಸು ಭಾರವಾದಾಗ ಹೇಳಿಕೊಳ್ಳಲು ಒಬ್ಬರು ಬೇಕು. ತಿಂಗಳಾದ ಮೇಲೆ ಕೈ ಮುಗಿದು ಬರೋಣವೆಂದು ನಾನು ಮತ್ತೆ ಆ ಚಿತಾಗಾರಕ್ಕೆ ಹೋಗಿದ್ದೆ. ಅಂದು ಕೈ ಹೊರಗೆ ತೆಗೆದಿಟ್ಟ ಆ ನೌಕರರಿಗೆ ನಮ್ಮ ನೆನಪಿತ್ತು. ‘ದೊಡ್ಡೋರದ್ದಾದ್ರೆ ಹೆಂಗೋ ತಡ್ಕೋತೀವಿ ಅಕ್ಕಾ, ಕೂಸು ಬಂದ ದಿನ ಮನೇಗ್ ಹೋದ್ರೂ ಊಟ ಸೇರಲ್ಲ’ ಎಂದರು. ನಾನು ಚಹಾಕ್ಕೆಂದು ಕೊಡಹೋದ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ.

ಖರ್ಚೇ ಇಲ್ಲದ ಇನ್ನೊಂದು ಕೆಲಸವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಬ್ಯಾಂಕಿಗೆ, ವಿಮೆಗೆ, ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕಾಗುವುದರಿಂದ ಬಹುತೇಕ ಎಲ್ಲ ಮನೆಯವರೂ ಯಾವಾಗಲಾದರೊಮ್ಮೆ ಆ ಕೌಂಟರಿಗೆ ಬಂದೇ ಬರುತ್ತಾರೆ. ನಾನೂ ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿಯ ಕೈಯಲ್ಲಿ ಅವಳ ತಂದೆಯ ಆಧಾರ್ ಕಾರ್ಡ್ ಇತ್ತು, ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ, ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಪ್ರಮಾಣಪತ್ರದ ಜೊತೆಗೆ ಆ ಸಂಖ್ಯೆಯನ್ನೂ, ‘ಆರು ತಿಂಗಳಾದರೂ ನಿದ್ದೆ, ಊಟ, ಕೆಲಸ ಹಿಡಿತಕ್ಕೆ ಬಾರದಿದ್ದರೆ, ಅಥವಾ ಬದುಕೇ ಬೇಡವೆನ್ನಿಸಿದರೆ ಅಂದೇ, ಕರೆ ಮಾಡಿ’ ಎಂಬ ಒಂದು ಸಾಲನ್ನೂ ಅಚ್ಚು ಹಾಕಿದ ಚೀಟಿಯನ್ನು ಕೊಡುವಂತೆ ನಗರಪಾಲಿಕೆಗಳೂ ಗ್ರಾಮ ಪಂಚಾಯಿತಿಗಳೂ ಈ ತಿಂಗಳಿನಿಂದಲೇ ಆದೇಶ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ನಿವೃತ್ತ ಶಿಕ್ಷಕಿ, ಮಂಡ್ಯ